ಪರೀಕ್ಷೆಯ ನಡುವೆ ಕಲಿಸುತ್ತಿದ್ದ ಅಕ್ಕೋರು

ಅಕ್ಕೋರಿಗೆ ಸಿಟ್ಟು ಬಂದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಖುಷಿಯಾದರೂ ಅದನ್ನೇ ಮಾಡುತ್ತಿದ್ದರು. ಎದುರಿಗೆ ಕೂತವರು, ಇದು ಯಾವುದರ ಒರೆಸಾಟವೆಂದು ತಿಳಿಯದೆ ಅವರ ಮುಖ ನೋಡುತ್ತ ಕಾಯಬೇಕಿತ್ತು. ವರ್ಷಗಟ್ಟಲೆ ಹಾಗೆ ನೋಡುತ್ತ ಕೂತವರಲ್ಲಿ ನಾನೂ ಒಬ್ಬಳು. ಕಳೆದ ತಿಂಗಳು ಅವರು ಮುಂಡರಗಿಯಲ್ಲಿ ತೀರಿಕೊಂಡರು. ಅವರು ಎಂಥವರು ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಇವರು ಮೊದಲು ಯಾವುದೋ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದರಂತೆ. ನಡುವಯಸ್ಸಿನಲ್ಲಿ ಮತ್ತೆ ಓದಿ, ಆಟಿಸಂ ಇರುವ ಮಕ್ಕಳು ಏನನ್ನು, ಹೇಗೆ ಕಲಿಯಬಲ್ಲರು ಎಂದು ನೋಡಿ ಹೇಳುವ ಕೆಲಸಕ್ಕೆ ಬಂದರು. ಶಾಲೆ ಬಿಟ್ಟರೂ ಆ ಹೆಸರು ಅವರನ್ನು ಬಿಡಲಿಲ್ಲ. ಗದಗಿನಲ್ಲಿ ಔಷಧದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರ ಕೆಲಸ. ಮೆಟ್ಟಿಲು ಹತ್ತುವಾಗಲೇ ಒಂದು ಮಗು ಅಳುವುದೋ ನಗುವುದೋ ಕೇಳಿಸುತ್ತಿತ್ತು. ಎರಡೂ ಕೇಳಿಸದಿದ್ದರೆ ಅಕ್ಕೋರು ಊಟಕ್ಕೆ ಕೂತಿದ್ದಾರೆ ಎಂದರ್ಥ. ಊಟವೆಂದರೆ ಶೇಂಗಾ ಮತ್ತು ಬೆಲ್ಲ. ಬಂದವರ ಕೈಗೂ ಒಂದು ಹಿಡಿ ಹಾಕುತ್ತಿದ್ದರು. ಬೇಡ ಎಂದವರ ಜತೆ ಅವರ ಮಾತು ಕಡಿಮೆ.

ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಗಂಡನದು ಕಾಳಿನ ವ್ಯಾಪಾರ. ಮಗಳು ರುಬೀನಾ. ಅವಳಿಗೆ ಒಂಬತ್ತು ನಡೆಯುವಾಗ ನಾವು ಅಕ್ಕೋರ ಮೆಟ್ಟಿಲು ಹತ್ತಿದೆವು. ಅದಕ್ಕೂ ಮೊದಲು ದೊಡ್ಡ ಊರಿನಲ್ಲಿ ಒಮ್ಮೆ ಪರೀಕ್ಷೆಯಾಗಿತ್ತು. ಅಲ್ಲಿಯವರು ಒಂದು ಅಂಕಿ ಕೊಟ್ಟು, ಸಾಮಾನ್ಯ ಶಾಲೆ ಇವಳಿಗಲ್ಲ ಎಂದಿದ್ದರು. ಅದನ್ನು ಕೇಳಿದ ಮೇಲೆ ಅವಳನ್ನು ಹುಬ್ಬಳ್ಳಿಯ ಕಡೆ ಇಂಥ ಮಕ್ಕಳ ವಸತಿ ಶಾಲೆಗೆ ಹಾಕೋಣ ಎಂದು ನನ್ನ ಗಂಡ ಹಟ ಹಿಡಿದಿದ್ದರು. ಅವರಿಗೆ ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ತಿಳಿಯಬಾರದು. "ಅಲ್ಲಿ ಅವಳಂಥ ಮಕ್ಕಳು ಬೇಕಾದಷ್ಟು ಇರುತ್ತಾರೆ. ಇಲ್ಲಿ ಅವಳು ಒಬ್ಬಳೇ," ಎನ್ನುತ್ತಿದ್ದರು. ಮಗಳನ್ನು ಮನೆಯಿಂದ ಕಳಿಸಲಾರೆ ಎಂಬುದೊಂದೇ ನನಗೆ ಗೊತ್ತಿತ್ತು. ಶಾಲೆಗೆ ಹೋಗಬಲ್ಲಳು ಎಂದು ಯಾರಾದರೂ ಬಲ್ಲವರು ಒಂದು ಮಾತು ಹೇಳಲಿ ಎಂದು ಆಸೆಪಟ್ಟು ಗದಗಿಗೆ ಹೋಗಿದ್ದೆ.

ಅಕ್ಕೋರು ಹಳೆಯ ಪರೀಕ್ಷೆಯ ಅಂಕಿ ನೋಡಿದರು. ಮುಖ ಸಿಂಡರಿಸಲಿಲ್ಲ, ಬೈಯಲೂ ಇಲ್ಲ.

"ಇದೂ ಖರೆ ಐತ್ರಿ ಟೀಚರ್ರ," ಎಂದರು. "ಒಬ್ಬಾಕಿನ್ನ ಕುಂಡ್ರಿಸಿ ಬಿಟ್ರ ಏನ್ ಮಾಡ್ತಾಳ ಅನ್ನೂದು ಇದ್ರಾಗ ಐತಿ. ಬಾಜೂಕ ಒಬ್ರು ಕುಂತ್ರ ಏನ್ ಮಾಡ್ತಾಳ ಅನ್ನೂದು ಇಲ್ಲ. ನನಗ ಎರಡೂ ಬೇಕು."

ಆ ದಿನ ಅವರು ಮೇಜಿನ ಮೇಲೆ ಕೆಲವು ಚೀಟಿಗಳನ್ನು ಹರಡಿದರು. ಕೆಂಪು ಮೀನು, ನೀಲಿ ಮೀನು, ಕೆಂಪು ಕೊಡೆ, ನೀಲಿ ಕೊಡೆ. ಮೊದಲು ಬಣ್ಣ ನೋಡಿ ಬೇರೆ ಮಾಡಬೇಕು. ರುಬೀನಾ ಸರಸರ ಮಾಡಿದಳು. ನನಗೆ ಹೆಮ್ಮೆ. ಆಮೇಲೆ ಅಕ್ಕೋರು, "ಈಗ ಬಣ್ಣ ಬ್ಯಾಡ, ಚಿತ್ರ ನೋಡಿ ಇಡು," ಎಂದರು. ಅವಳು ಮತ್ತೆ ಬಣ್ಣವನ್ನೇ ಹಿಡಿದಳು. ಇನ್ನೊಮ್ಮೆ ಹೇಳಿದರೂ ಬಣ್ಣವೇ. ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಕ್ಕೋರು ಏನೋ ಬರೆದುಕೊಂಡು ಎದ್ದರು, ತಮ್ಮ ಕುರ್ಚಿಯನ್ನು ಎಳೆದುಕೊಂಡು ಮೇಜಿನ ಇನ್ನೊಂದು ಬದಿಗೆ ಹೋಗಿ ಕೂತರು. "ಇಲ್ಲಿ ಕುಂತ್ರ ಚಿತ್ರ," ಎಂದು ಅವಳ ಬೆರಳು ಹಿಡಿದು ಮೀನಿನ ಮೇಲೆ ಮೀನು ಇಡಿಸಿದರು. ಮತ್ತೆ ಹಳೆಯ ಜಾಗಕ್ಕೆ ಬಂದರು. "ಇಲ್ಲಿ ಕುಂತ್ರ ಬಣ್ಣ." ಆ ತೋರ ಮೈಯ ಹೆಂಗಸು ಕುರ್ಚಿ ಎಳೆದುಕೊಂಡು ಅತ್ತಿಂದಿತ್ತ ಓಡಾಡುವುದನ್ನು ರುಬೀನಾ ಕಣ್ಣರಳಿಸಿ ನೋಡಿದಳು. ಸ್ವಲ್ಪ ಹೊತ್ತಿಗೆ ಕುರ್ಚಿ ಸರಿದ ಕೂಡಲೇ ಅವಳ ಕೈಯೂ ಸರಿಯತೊಡಗಿತು. ಆಮೇಲೆ ಅಕ್ಕೋರು ಏಳುವುದನ್ನು ಬಿಟ್ಟು ಮೇಜಿನ ಆ ಬದಿಯನ್ನು ಬರೀ ತಟ್ಟಿದರು. ಕೊನೆಗೆ ತಟ್ಟುವುದನ್ನೂ ಬಿಟ್ಟು ಬಾಯಲ್ಲಷ್ಟೇ ಹೇಳಿದರು. ಅವಳು ಕೆಲವನ್ನು ತಪ್ಪಿದಳು, ಕೆಲವನ್ನು ಸರಿಯಾಗಿ ಇಟ್ಟಳು.

ನನಗೆ ತಡೆಯಲಾಗಲಿಲ್ಲ. "ಅಕ್ಕೋರ, ಹಿಂಗ ಹೇಳಿಕೊಟ್ರ ಇದು ಪರೀಕ್ಷೆ ಹೆಂಗ ಆಗ್ತೈತ್ರಿ?"

"ನಿಮ್ಮ ಶಾಲ್ಯಾಗ ಆಗೂದಿಲ್ಲ ಬಿಡ್ರಿ," ಎಂದರು. "ಇಲ್ಲಿ ಎಷ್ಟು ಹೇಳಿಕೊಟ್ರ ಹಿಡೀತಾಳ, ನಾ ಕೈ ಬಿಟ್ಟ ಮ್ಯಾಲೆ ಅದರಾಗ ಎಷ್ಟು ಉಳೀತೈತಿ, ಅದ ಪರೀಕ್ಷೆ. ಒಂದ ಕೆಲಸ ಸುರು ಮಾಡೂದು, ನಡುವ ತಡಕೊಂಡು ನಿಲ್ಲೂದು, ಹಾದಿ ಬದಲಾದ್ರ ತಾನೂ ಬದಲಾಗೂದು, ಮುಂದ ಏನು ಅಂತ ನೆನಪಿಡೂದು. ಇವನ್ನ ನೋಡಾಕತ್ತೀನಿ. ಅಕ್ಷರ ಬರ್ತಾವೋ ಇಲ್ಲೋ, ಅದು ಆಮ್ಯಾಲೆ."

ಆ ಸಂಜೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಮುಂದಿನ ಸಲ ಹೋದಾಗ ನೆಲಕ್ಕೆ ಬಿದ್ದೆ. ಅದೇ ಮೇಜು, ಅದೇ ಚೀಟಿಗಳು. ರುಬೀನಾ ಒಂದನ್ನೂ ಮುಟ್ಟಲಿಲ್ಲ. ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಅದನ್ನೇ ನೋಡುತ್ತ, ನೋಡುತ್ತ, ಕೈ ಕಚ್ಚಿಕೊಂಡು ಅತ್ತಳು. ಅಕ್ಕೋರು ಅದನ್ನೂ ಬರೆದುಕೊಂಡರು.

"ಹಂಗಾರ ಹ್ವಾದ ಸಲದ್ದು ಖರೆನೋ, ಈ ಸಲದ್ದು ಖರೆನೋ?" ಎಂದು ಕೇಳಿದೆ.

"ಎರಡೂ ಖರೆ," ಎಂದು ಅಕ್ಕೋರು ಕನ್ನಡಕ ತೆಗೆದು ಒರೆಸತೊಡಗಿದರು.

ಒಂದು ಉತ್ತರಪತ್ರಿಕೆಗೆ ಒಂದೇ ಅಂಕ ಹಾಕಿ ರೂಢಿಯಾದವಳು ನಾನು. ಎರಡೂ ಖರೆ ಎಂದರೆ ಗಂಡನಿಗೆ ಏನು ಹೇಳಲಿ?

ರುಬೀನಾ ಯಾವ ವಸ್ತು ಕಂಡರೂ ಥಟ್ಟನೆ ಕೈ ಹಾಕುತ್ತಿದ್ದಳು. ಕೇಳುವ ಮೊದಲೇ ಎಳೆಯುತ್ತಿದ್ದಳು. ನಿಲ್ಲು ಎಂದರೆ ನಿಲ್ಲುತ್ತಿರಲಿಲ್ಲ. ಒಂದು ದಿನ ಅಕ್ಕೋರು, "ಮನ್ಯಾಗ ನಿಲ್ಲು ಅನ್ನಾಕ ಏನಂತೀರ್ರಿ?" ಎಂದರು. ನಮ್ಮ ಮನೆಯಲ್ಲಿ ಉರ್ದು. "ಠೈರ್ ಅಂತೀವ್ರಿ," ಎಂದೆ. ಅವರು ಅದನ್ನು ತಮ್ಮ ಮುಂಡರಗಿ ನಾಲಿಗೆಯಲ್ಲಿ ಎಳೆದು, "ಠಾಯಿರ್" ಎಂದು ಕೂಗಿದರು. ರುಬೀನಾ ಕೈ ಹಿಂದಕ್ಕೆ ತೆಗೆದುಕೊಂಡು ಗಹಗಹಿಸಿ ನಕ್ಕಳು. ಅವಳನ್ನು ನಿಲ್ಲಿಸಿದ್ದು ಆ ಮಾತೋ, ನಮ್ಮ ಭಾಷೆಯೋ, ಅಥವಾ ತಮಾಷೆಯೋ ನನಗೆ ತಿಳಿಯಲಿಲ್ಲ. ಅಕ್ಕೋರನ್ನು ಕೇಳಿದೆ. ಅವರಿಗೂ ಖಾತ್ರಿಯಿರಲಿಲ್ಲ. "ಮೂರನ್ನೂ ಬ್ಯಾರೆ ಬ್ಯಾರೆ ಮಾಡಿ ನೋಡಬೇಕಾತು," ಎಂದು ಗಲ್ಲಕ್ಕೆ ಬೆರಳಿಟ್ಟುಕೊಂಡು ಕೂತರು.

ಕೋಣೆಯಲ್ಲಿ ನೋಡಿದ್ದು ಸಾಲದು, ಮನೆಯಲ್ಲಿ ನೋಡಬೇಕು ಎಂದು ಒಂದು ಭಾನುವಾರ ಲಕ್ಷ್ಮೇಶ್ವರಕ್ಕೆ ಬಂದರು. ಬಸ್ಸಿನಿಂದ ಇಳಿದು ಬೇರೆ ಓಣಿಗೆ ಹೋಗಿ, ಯಾರದೋ ಮನೆಯಲ್ಲಿ ನೀರು ಕುಡಿದು, ಅವರನ್ನೇ ಜತೆಗೆ ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ನಮ್ಮ ಅತ್ತೆ ಅವರಿಗೆ ಎಲೆ ಅಡಿಕೆ ತಟ್ಟೆ ಮುಂದಿಟ್ಟರು. ಇಬ್ಬರೂ ಅರೆಗಳಿಗೆಯಲ್ಲಿ ಒಂದೇ ಊರಿನ ಗೆಳತಿಯರ ಹಾಗಾದರು.

"ರುಬೀನಾ, ನನಗ ಚಾ ಮಾಡಿ ಕೊಡು," ಎಂದರು ಅಕ್ಕೋರು.

ದಿನವೂ ನನ್ನ ಪಕ್ಕ ನಿಂತು ನೋಡಿದ್ದಳಲ್ಲ, ಅವಳು ಪಾತ್ರೆ ಇಟ್ಟಳು, ನೀರು ಹಾಕಿದಳು. ಒಲೆ ಮಾತ್ರ ನಾನು ಹಚ್ಚಿದೆ. ಚಹಾ ಪುಡಿ ಹಾಕಿದಳು. ಸಕ್ಕರೆ ಡಬ್ಬಿ ತೆಗೆದಳು, ಅದು ಖಾಲಿ. ಮೊದಲೇ ಅಕ್ಕೋರು ಅತ್ತೆಗೆ ಹೇಳಿ ಖಾಲಿ ಮಾಡಿಸಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ರುಬೀನಾ ಡಬ್ಬಿಯೊಳಗೆ ನೋಡಿದಳು. ಮುಚ್ಚಿದಳು. ಮತ್ತೆ ತೆಗೆದು ನೋಡಿದಳು. ನೀರು ಕುದಿಯುತ್ತಿತ್ತು. ಅವಳ ಉಸಿರು ಏರತೊಡಗಿತು. ಇನ್ನು ಅಳುತ್ತಾಳೆ ಎಂದು ನಾನು ಮುಂದಾದೆ. ಅಕ್ಕೋರು ನನ್ನ ಮುಂಗೈ ಹಿಡಿದರು. ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಚರ್ಮಕ್ಕೆ ಒತ್ತಿತು. ರುಬೀನಾ ಸುತ್ತ ನೋಡಿದಳು. ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ನೇರ ಬಂದು ಅಕ್ಕೋರ ಇನ್ನೊಂದು ಕೈ ಹಿಡಿದೆಳೆದು ಖಾಲಿ ಡಬ್ಬಿಯ ಮೇಲೆ ಇಟ್ಟಳು.

ಅಕ್ಕೋರು ಕನ್ನಡಕ ಒರೆಸಿಕೊಂಡರು.

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, "ಇದರಾಗ ಏನೈತ್ರಿ? ಚಾ ಅಂತೂ ಆಗಲಿಲ್ಲ," ಎಂದರು.

"ಇಲ್ರಿ, ಆಗಲಿಲ್ಲ," ಎಂದರು ಅಕ್ಕೋರು. "ಆದ್ರ ಸಕ್ರಿ ಇಲ್ಲ ಅನ್ನೂದು ಗೊತ್ತಾತು. ತನ್ನಿಂದ ಆಗೂದಿಲ್ಲ ಅನ್ನೂದು ಗೊತ್ತಾತು. ಒಬ್ಬರನ್ನ ಕೇಳಬೇಕು ಅನ್ನೂದು ಗೊತ್ತಾತು. ಅಳಲಿಲ್ಲ. ಇವು ನಾಕೂ ಸಣ್ಣ ಮಾತಲ್ರಿ."

ಎಲ್ಲರೂ ಸಂತೋಷಪಡುವ ಹೊತ್ತಿನಲ್ಲಿ ನನ್ನ ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು. ಹೆತ್ತವಳು ಪಕ್ಕದಲ್ಲೇ ಇದ್ದೆ. ಅವಳು ಹಿಡಿದದ್ದು ಅಕ್ಕೋರ ಕೈ. ಬಸ್ಸಿಗೆ ಬಿಡಲು ಹೋದಾಗ ಕೇಳಿಯೇ ಬಿಟ್ಟೆ. ಅಕ್ಕೋರು ಸುತ್ತು ಬಳಸಲಿಲ್ಲ. "ನೀವು ಆಕಿ ಕೇಳೂದರೊಳಗ ಕೊಟ್ಟು ಬಿಡ್ತೀರಿ. ನಿಮ್ಮನ್ನ ಕೇಳೂ ಗರಜ ಆಕಿಗಿ ಎಂದೂ ಬಿದ್ದಿಲ್ಲ," ಎಂದು ಬಸ್ಸು ಹತ್ತಿದರು. ಆ ಮಾತು ಹೊಗಳಿಕೆಯೋ ಬೈಗುಳವೋ ಎಂದು ಮನೆಯ ತನಕ ಯೋಚಿಸಿದೆ. ಇನ್ನೂ ಯೋಚಿಸುತ್ತೇನೆ.

ಇಷ್ಟೆಲ್ಲ ಆದ ಮೇಲೆ ಅಕ್ಕೋರು ಶಾಲೆಗೆ ಬಂದು ನಮ್ಮ ಪರವಾಗಿ ಗಟ್ಟಿಯಾಗಿ ಮಾತಾಡುತ್ತಾರೆ ಎಂದು ನಾನು ನಂಬಿದ್ದೆ. ನಮ್ಮ ಊರಿನ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರು ಒಳ್ಳೆಯವರು. "ನೀವು ಹೇಳ್ದಂಗ ಮಾಡೂಣ್ರಿ," ಎಂದು ಅಕ್ಕೋರ ಮುಂದೆ ಕುರ್ಚಿ ಹಾಕಿ ಕೂತರು.

"ಇಡೀ ದಿನ ಬ್ಯಾಡ್ರಿ ಸರ್," ಎಂದರು ಅಕ್ಕೋರು. "ಗಣಿತದ ಪಿರಿಯಡ್ ಒಂದ. ಬಾಜೂಕ ಮನಿಯವರು ಒಬ್ರು ಕುಂಡ್ರಬೇಕು. ಮುಂಜಾನೆ ಪ್ರಾರ್ಥನಾಕ್ಕ ಬ್ಯಾಡ. ಆ ಗದ್ಲಾ ಆಕಿ ತಡಕೊಳ್ಳೂದಿಲ್ಲ."

ಹೊರಗೆ ಬಂದ ಮೇಲೆ ಅಂಗಳದಲ್ಲೇ ಜಗಳ ತೆಗೆದೆ. "ಚೀಟಿ ಬದಲಿಸಿದ್ಲು, ಡಬ್ಬಿ ತೋರಿಸಿದ್ಲು ಅಂತ ಹೊಗಳಿದವ್ರು ನೀವ. ಈಗ ಒಂದ ಪಿರಿಯಡ್ಡಾ?"

"ನಾ ಹೊಗಳಿದ್ದಿಲ್ರಿ. ಕಂಡದ್ದು ಹೇಳಿದ್ದೆ."

"ನೀವು ಕಂಡದ್ದ ತಪ್ಪಾಗಿದ್ರ?"

ಅಕ್ಕೋರ ದನಿಯೂ ಏರಿತು. "ತಪ್ಪಾಗಿದ್ರ ತಿದ್ದೂಣು! ಒಂದ ಪಿರಿಯಡ್ ಕಡಿಮಿ ಆತಂದ್ರ ನಾಳಿಗಿ ಎರಡು ಮಾಡಾಕ ಬರ್ತೈತಿ. ಇವತ್ತ ಗದ್ಲದಾಗ ನಿಲ್ಲಿಸಿ, ಶಾಲಿ ಅಂದ್ರ ಚೀರೂ ಹಂಗಾದ್ಲಂದ್ರ ಅದನ್ನ ಹೆಂಗ ತಿದ್ದತೀರಿ? ಹೇಳ್ರಿ ನೋಡೂಣು."

ನನ್ನ ಗಂಡ ಸಂದು ನೋಡಿ ಹುಬ್ಬಳ್ಳಿಯ ಮಾತು ತೆಗೆದರು. ಅಕ್ಕೋರು ಅವರತ್ತ ತಿರುಗಿ, "ಅದೂ ಈಗ ಬ್ಯಾಡ್ರಿ. ಈಗಿನ್ನ ಮೂರು ಮಂದಿಗಿ ಹೊಂದಾಕತ್ತಾಳ," ಎಂದರು. ಹೀಗೆ ಅವರು ಇಬ್ಬರ ಪರವೂ ಆಗಲಿಲ್ಲ. ಆ ದಿನ ಮನೆಯಲ್ಲಿ ನಾನೂ ನನ್ನ ಗಂಡನೂ ಬಹಳ ದಿನಗಳ ಮೇಲೆ ಒಂದಾಗಿ ಒಬ್ಬರನ್ನು ಬೈದೆವು, ಅಕ್ಕೋರನ್ನು.

ಪಕ್ಕದಲ್ಲಿ ಕೂರಲು ಹೊರಟವರು ನಮ್ಮ ಅತ್ತೆ. ಶಾಲೆಯ ಮುಖ ನೋಡದ ಅವರು ಆ ವಯಸ್ಸಿನಲ್ಲಿ ನಾಲ್ಕನೆಯ ಈಯತ್ತೆಯ ಬೆಂಚಿನಲ್ಲಿ ಮೊಮ್ಮಗಳ ಜತೆ ಕೂತರು. ಕ್ಲಾಸಿನ ಮಕ್ಕಳೆಲ್ಲ ಅವರನ್ನು ನಮ್ಮ ಉರ್ದುವಿನಲ್ಲೇ "ದಾದಿ", ಅಂದರೆ ಅಜ್ಜಿ, ಎಂದು ಕರೆಯತೊಡಗಿದರು. ಅಕ್ಕೋರು ಅವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು: ಮೊದಲು ಒಂದೇ ಬೆಂಚು, ಆಮೇಲೆ ಹಿಂದಿನ ಬೆಂಚು, ಆಮೇಲೆ ಬಾಗಿಲು, ಆಮೇಲೆ ಪಡಸಾಲೆ. "ನೀವು ಅಲ್ಲಿ ಕುಂಡ್ರೂದ ನಾಳಿಗಿ ಎದ್ದು ಬರಾಕ, ತಿಳೀತಿಲ್ಲೋ?" ಎನ್ನುತ್ತಿದ್ದರು. ಅತ್ತೆ ಹಿಂದಿನ ಬೆಂಚಿನ ತನಕ ಸರಿಯಾಗಿ ಬಂದರು. ಅಲ್ಲಿಂದ ಕದಲಲಿಲ್ಲ. ಅವರಿಗೆ ಮಗ್ಗಿ ರುಚಿ ಹತ್ತಿತ್ತು. ಅಕ್ಕೋರು ಬಂದು ನೋಡಿ, ಮೊಮ್ಮಗಳಿಗಿಂತ ಅಜ್ಜಿಯನ್ನು ಎಬ್ಬಿಸುವುದೇ ಕಷ್ಟವೆಂದು ನಕ್ಕರು.

ಒಂದು ದಿನ ಆಟೋದವನು ಬೇಗ ಬಂದುಬಿಟ್ಟ. ಅಜ್ಜಿ ಮೊಮ್ಮಗಳು ಶಾಲೆ ಮುಟ್ಟಿದಾಗ ಪ್ರಾರ್ಥನೆ ಶುರುವಾಗುತ್ತಿತ್ತು. ಡೋಲು, ಮೈಕು, ಶಾಲೆಯ ಅಷ್ಟೂ ಮಕ್ಕಳ ಕೂಗು. ಅತ್ತೆ ಹೆದರಿ ಎರಡೂ ಕೈಯಿಂದ ಅವಳ ಕಿವಿ ಮುಚ್ಚಿದರಂತೆ. ರುಬೀನಾ ಆ ಕೈಗಳನ್ನು ಕೊಡವಿ, ಸಾಲುಗಳ ನಡುವೆ ನಡೆದು ಹೋಗಿ, ಡೋಲಿನವನ ಹತ್ತಿರ ಕಣ್ಣು ಮುಚ್ಚಿ ನಿಂತಳಂತೆ. ಮುಗಿಯುವ ತನಕ ನಿಂತೇ ಇದ್ದಳಂತೆ. ಮರುದಿನ ತಾನೇ ಚಪ್ಪಲಿ ಹಾಕಿಕೊಂಡು ಬೇಗ ಬಾಗಿಲಿಗೆ ಬಂದಳು.

ಅಕ್ಕೋರಿಗೆ ಫೋನು ಮಾಡಿದೆ. ಅವರು ನಂಬಲಿಲ್ಲ. ಮರುದಿನ ಗದಗಿನಿಂದ ಮೊದಲ ಬಸ್ಸಿಗೆ ಬಂದು, ಧ್ವಜದ ಕಟ್ಟೆಯ ಪಕ್ಕ ನಿಂತು ನೋಡಿದರು. ಕನ್ನಡಕ ತೆಗೆದರು. ಒರೆಸಿದರು, ಒರೆಸಿದರು. ಸಿಟ್ಟೋ, ಖುಷಿಯೋ, ನಾಚಿಕೆಯೋ? ಹೆಡ್‌ಮಾಸ್ತರರ ಹತ್ತಿರ ಹೋಗಿ ಎಲ್ಲ ಶಿಕ್ಷಕರ ಎದುರಿಗೆ, "ನಾ ಹೇಳಿದ್ದು ತಪ್ಪಾತ್ರಿ ಸರ್. ಇಡೀ ದಿನ ಕುಂಡ್ರಿಸಿ ನೋಡ್ರಿ," ಎಂದರು.

ನಾನು ಗೆದ್ದೆ ಎಂದು ಕುಣಿಯಬೇಕಿತ್ತು. ಬದಲಿಗೆ ಹೊಸ ಭಯ ಹಿಡಿಯಿತು. ಇದು ತಪ್ಪಾದರೆ, ಅವರು ಕಂಡ ಒಳ್ಳೆಯದೂ ತಪ್ಪಿರಬಹುದಲ್ಲ? ಕೇಳಿದೆ. "ರಾತ್ರಿಯೆಲ್ಲ ನಾನೂ ಅದನ್ನ ವಿಚಾರ ಮಾಡಾಕತ್ತಿದ್ದೆ," ಎಂದರು. "ಫ್ಯಾನಿನ ಸಪ್ಪಳ ಆಗಲಾರದಾಕಿಗಿ ಡೋಲು ಹೆಂಗ ಆಗಿಬಂತು? ನನಗ ತಿಳಿವಲ್ದು. ಕಟಕಟಿ ಯಾವಾಗ ಬರ್ತೈತಿ ಗೊತ್ತಾಗೂದಿಲ್ಲ, ಡೋಲಿಗಿ ತಾಳ ಐತಿ. ಇದ್ದರೂ ಇರಬಹುದು. ಇರಲಾರದನೂ ಇರಬಹುದು."

ಇಡೀ ದಿನವೂ ನಡೆಯಲಿಲ್ಲ. ಮಧ್ಯಾಹ್ನದ ಊಟದ ನಂತರ ಅವಳು ಬೆಂಚಿನ ಕೆಳಗೆ ಹೋಗಿ ಮಲಗುತ್ತಿದ್ದಳು, ಎಬ್ಬಿಸಿದರೆ ಚೀರುತ್ತಿದ್ದಳು. ಕೊನೆಗೆ ಊಟದ ತನಕ ಎಂದು ನಿರ್ಧಾರವಾಯಿತು. ಅದೇ ಉಳಿಯಿತು. ಈಗ ರುಬೀನಾಗೆ ಹದಿನೈದು. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲ ಓದುತ್ತಾಳೆ. ಓದಿದ್ದರ ಅರ್ಥ ಕೇಳಿದರೆ ಒಮ್ಮೆ ಹೇಳುತ್ತಾಳೆ, ಒಮ್ಮೆ ಇಲ್ಲ. ಚಹಾ ಮಾಡುತ್ತಾಳೆ. ಒಬ್ಬಳೇ ರಸ್ತೆ ದಾಟಲಾರಳು. ನನ್ನ ಗಂಡ ಹುಬ್ಬಳ್ಳಿಯ ಹೆಸರು ತೆಗೆಯುವುದಿಲ್ಲ. ನಾನೇ ಕೆಲವೊಮ್ಮೆ, ಅಲ್ಲಿಗೆ ಕಳಿಸಿದ್ದರೆ ಇನ್ನೂ ಹೆಚ್ಚು ಕಲಿಯುತ್ತಿದ್ದಳೋ ಏನೋ ಎಂದುಕೊಳ್ಳುತ್ತೇನೆ. ಇದನ್ನು ಅಕ್ಕೋರಿಗೂ ಒಮ್ಮೆ ಹೇಳಿದ್ದೆ. ಅವರು ನನ್ನ ಕೈಗೆ ಒಂದು ಹಿಡಿ ಶೇಂಗಾ ಹಾಕಿದ್ದರು.

ಅಕ್ಕೋರು ಕೊನೆಯ ದಿನಗಳಲ್ಲಿ ಮುಂಡರಗಿಯ ತಮ್ಮನ ಮನೆಯಲ್ಲಿದ್ದರು. ತೀರಿಕೊಂಡ ಸುದ್ದಿ ತಿಳಿದು ಮನೆಯವರನ್ನು ಮಾತಾಡಿಸಿ ಬರಲು ನಾನೂ ರುಬೀನಾಳೂ ಹೋದೆವು. ಕಟ್ಟೆಯ ಮೇಲೆ ನಮ್ಮಂಥ ತಂದೆ ತಾಯಂದಿರು ಕೆಲವರು ಕೂತಿದ್ದರು. ಬೆಟಗೇರಿಯ ಒಬ್ಬ ತಾಯಿ, "ಕಲ್ಲಿನಂಥಾಕಿರಿ. ನನ್ನ ಮಗ ಅತ್ತು ಅತ್ತು ಸಾಕಾದ್ರೂ ಒಂದ ಕೈ ಹಚ್ಚತಿದ್ದಿಲ್ಲ," ಎಂದು ಕಣ್ಣೊರೆಸಿಕೊಂಡಳು. ಕೋಟುಮಚಗಿಯಿಂದ ಬಂದಿದ್ದ ಒಬ್ಬ ರೈತ, "ಛೇ, ಏನ್ ಮಾತಂತ ಆಡ್ತೀರಿ? ನಮ್ಮ ಹುಡುಗನ ಜೋಡಿ ನೆಲದ ಮ್ಯಾಲೆ ಉಳ್ಳ್ಯಾಡಿ ಕಲಿಸ್ಯಾರ," ಎಂದ. ಅಕ್ಕೋರ ತಮ್ಮ, "ನಮಗಂತೂ ಮನ್ಯಾಗ ಆಕಿ ಮಾತಾಡಿದ್ದ ಕಡಿಮಿ," ಎಂದು ಅವರಿಬ್ಬರ ಮುಖವನ್ನೂ ಅಚ್ಚರಿಯಿಂದ ನೋಡಿದರು. ಎಲ್ಲರೂ ಒಬ್ಬರ ಬಗ್ಗೆಯೇ ಹೇಳುತ್ತಿದ್ದಾರೆಯೇ ಎಂದು ನನಗೆ ಅನುಮಾನವಾಯಿತು. ನನ್ನ ಸರದಿ ಬಂದಾಗ ನೀರು ಕೇಳಿ ಕುಡಿದೆ. ಅಲ್ಲಿ ನನಗೆ ಅಳು ಬರಲಿಲ್ಲ.

ಅದು ಬಂದದ್ದು ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ, ಲಕ್ಷ್ಮೇಶ್ವರದ ಬಸ್ಸಿಗೆ ಕಾಯುವಾಗ. ಯಾಕೆ ಅಲ್ಲಿ, ಯಾಕೆ ಆಗ, ಗೊತ್ತಿಲ್ಲ. ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡು ಕೂತೆ, ನಿಲ್ಲಲಿಲ್ಲ. ರುಬೀನಾ ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಎದ್ದು ಅತ್ತಿತ್ತ ಅಡ್ಡಾಡಿದಳು. ಮತ್ತೆ ಬಂದು ನೋಡಿದಳು. ಆಮೇಲೆ ಕಂಬದ ಹತ್ತಿರ ಬುಟ್ಟಿ ಇಟ್ಟುಕೊಂಡು ಸೌತೆಕಾಯಿ ಮಾರುತ್ತಿದ್ದ ಹೆಂಗಸಿನ ಮುಂದೆ ಹೋಗಿ ನಿಂತಳು. ಅಪರಿಚಿತರ ಹತ್ತಿರ ಅವಳು ತಾನಾಗಿ ಹೋದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

"ನಮ್ಮ ಅಮ್ಮಿ ಅಳಾಕತ್ತಾಳ," ಎಂದಳು, ಕನ್ನಡದಲ್ಲಿ. "ನನಗ ನಿಲ್ಲಿಸಾಕ ಬರವಲ್ದು."

ಆ ಹೆಂಗಸು ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದು ನನ್ನ ಪಕ್ಕ ಕೂತಳು. ಬೆನ್ನ ಮೇಲೆ ಕೈಯಿಟ್ಟಳು. "ಯಾಕಬೇ ತಂಗಿ? ಯಾರು ತೀರಿಕೊಂಡ್ರು?"

ಯಾರೆಂದು ಹೇಳಲಿ? ನನ್ನ ಮಗಳನ್ನು ಪರೀಕ್ಷೆ ಮಾಡಿದವರು ಎನ್ನಲೇ? ಕಲಿಸಿದವರು ಎನ್ನಲೇ? ನನ್ನ ಜತೆ ಜಗಳಾಡಿದವರು, ತಪ್ಪಿದವರು, ತಪ್ಪೆಂದು ಒಪ್ಪಿದವರು ಎನ್ನಲೇ? ಯಾವುದು ಹೇಳಿದರೂ ಸುಳ್ಳಾಗುತ್ತಿತ್ತು.

"ನಮ್ಮ ಅಕ್ಕ," ಎಂದೆ.

"ಅಯ್ಯ, ಸ್ವಂತ ಅಕ್ಕನ?"

ಹೌದೆಂದು ತಲೆಯಾಡಿಸಿದೆ. ಅವಳು ಲೊಚಗುಟ್ಟಿ ನನ್ನ ಬೆನ್ನು ಸವರತೊಡಗಿದಳು. ಆಚೆ ಬಂದು ನಿಂತ ಬಸ್ಸಿನ ಬೋರ್ಡನ್ನು ಓದುತ್ತಿದ್ದ ರುಬೀನಾ ನಮ್ಮ ಕಡೆ ತಿರುಗಿದಳು.

"ಅಕ್ಕ ಅಲ್ಲ," ಎಂದಳು. "ಅಕ್ಕೋರು."